'ಆ್ಯಸ್' ಕಂಡಲ್ಲಿ ನಿಲ್ಲುತ್ತೇನೆ

ಎಪಿಐ ಕೋಡ್ ರಿವ್ಯೂಗೆ ಕೂತರೆ ನಾನು ಮೊದಲು ಹುಡುಕುವುದು ಟೈಪ್‌ಸ್ಕ್ರಿಪ್ಟಿನ 'ಆ್ಯಸ್' (as) ಪದವನ್ನು. 'ಇದು ಈ ಟೈಪ್ ಎಂದೇ ನಂಬು' ಎಂದು ಕಂಪೈಲರ್‌ಗೆ ಹೇಳುವ ಪದ ಅದು. ಕ್ವೆರಿಯಿಂದ, ಅಂದರೆ ಯುಆರ್‌ಎಲ್‌ನ '?' ನಂತರದ ಭಾಗದಿಂದ, ಬಂದ ಐಡಿ ಪಕ್ಕದಲ್ಲಿ 'ಆ್ಯಸ್ ಸ್ಟ್ರಿಂಗ್' (ಇದು ಪಠ್ಯ ಎಂದು) ಇದ್ದರೆ ಅಲ್ಲೇ ಕಾಮೆಂಟ್ ಹಾಕುತ್ತೇನೆ. ಎಕ್ಸ್‌ಪ್ರೆಸ್ ಎಂಬ ಸರ್ವರ್ ಫ್ರೇಮ್‌ವರ್ಕ್‌ನಲ್ಲಿ ಯಾರಾದರೂ ಅದೇ ಐಡಿಯನ್ನು ಯುಆರ್‌ಎಲ್‌ನಲ್ಲಿ ಎರಡು ಸಲ ಬರೆದರೆ ನಮ್ಮ ಕೈಗೆ ಸಿಗುವುದು ಅರೇ, ಅಂದರೆ ಪಟ್ಟಿ. ಅದರ ಮೇಲೆ ಸ್ಟ್ರಿಂಗ್‌ಗಷ್ಟೇ ಇರುವ ಟ್ರಿಮ್ ಕರೆದರೆ ಸರ್ವರ್ 500 (ಸರ್ವರ್ ಒಳಗಿನ ದೋಷ) ಕೊಡುತ್ತದೆ. ಕಂಪೈಲರ್ ಮೊದಲೇ ಎಚ್ಚರಿಸಿತ್ತು, 'ಆ್ಯಸ್' ಅದರ ಬಾಯಿ ಮುಚ್ಚಿಸಿತು.

500 ಬಂದರೆ ಲಾಗ್‌ನಲ್ಲಾದರೂ ಕಾಣುತ್ತದೆ, ಅಲ್ವಾ? ಎರರ್ ಇಲ್ಲದೆ ಸುಮ್ನೆ ತಪ್ಪು ಉತ್ತರ ಕೊಡುವ ಕೋಡ್ ಜಾಸ್ತಿ ಕಾಡುತ್ತದೆ. ಕ್ವೆರಿಯಲ್ಲಿ ಬರೆದ ಸಂಖ್ಯೆಯೂ ಸ್ಟ್ರಿಂಗ್ ಆಗಿಯೇ ಬರುತ್ತದೆ. ಪುಟದ ಸಂಖ್ಯೆ '2' ಬಂತು ಅಂದುಕೊಳ್ಳಿ. ಒಂದು ಕಳೆದರೆ ಜಾವಾಸ್ಕ್ರಿಪ್ಟ್ ಸರಿಯಾಗಿ 1 ಕೊಡುತ್ತದೆ. ಒಂದು ಕೂಡಿಸಿದರೆ '21' ಆಗುತ್ತದೆ. ಹಿಂದಿನ ಪುಟದ ಲಿಂಕ್ ನೆಟ್ಟಗಿರುತ್ತದೆ, ಮುಂದಿನ ಪುಟದಲ್ಲಿ ಖಾಲಿ ಪಟ್ಟಿ. ಟೆಸ್ಟ್ ಮಾಡಿದವರು ಹಿಂದಿನದನ್ನಷ್ಟೇ ಒತ್ತಿ ನೋಡಿದ್ದರೆ ಮುಗಿಯಿತು. ಕ್ವೆರಿಯಲ್ಲಿ ಬರುವ 'ಫಾಲ್ಸ್' ಇನ್ನೂ ಕೆಟ್ಟದ್ದು. ಖಾಲಿಯಲ್ಲದ ಸ್ಟ್ರಿಂಗ್ ಆದ್ದರಿಂದ ಇಫ್ ಒಳಗೆ ಅದು ಟ್ರೂ. ಡಿಲೀಟ್ ಆದ ದಾಖಲೆ ಬೇಡ ಎಂದು ಕೇಳಿದವರಿಗೆ ಅವೂ ಬರುತ್ತವೆ.

ಡೇಟಾದ ಆಕಾರ ಹೇಳುವ ಇಂಟರ್‌ಫೇಸ್ ಬರೆದಿದ್ದೇವಲ್ಲ ಅನ್ನುತ್ತಾರೆ. ಅದು ಕಂಪೈಲ್ ಆದಾಗಲೇ ಅಳಿಸಿಹೋಗುತ್ತದೆ, ರನ್ ಆಗುವಾಗ ಕಾಯಲು ಯಾರೂ ಇರುವುದಿಲ್ಲ. ಹೊರಗಿನಿಂದ ಬಂದದ್ದನ್ನು 'ಅನ್‌ನೋನ್' (ಟೈಪ್ ಗೊತ್ತಿಲ್ಲ) ಎಂದೇ ಇಟ್ಟುಕೊಂಡು, ಝೋಡ್‌ನಂಥ ಲೈಬ್ರರಿಯಲ್ಲಿ ಸ್ಕೀಮಾ (ಡೇಟಾ ಹೇಗಿರಬೇಕೆಂಬ ನಿಯಮ) ಬರೆದು ಪರೀಕ್ಷಿಸಿ. ಟೈಪ್ ಕೂಡ ಆ ಸ್ಕೀಮಾದಿಂದಲೇ ಸಿಗುತ್ತದೆ, ಎರಡು ಕಡೆ ಬರೆಯಬೇಕಿಲ್ಲ. ಆದರೆ ಬಂದದ್ದನ್ನು ಟ್ರೂ ಅಥವಾ ಫಾಲ್ಸ್‌ಗೆ ಬದಲಿಸುವ ಝೋಡ್‌ನ ಕೊಅರ್ಸ್ ಬೂಲಿಯನ್ ಕೂಡ 'ಫಾಲ್ಸ್' ಅನ್ನು ಟ್ರೂ ಮಾಡುತ್ತದೆ. 4ನೇ ಆವೃತ್ತಿಯಲ್ಲಿ ಇದಕ್ಕೆಂದೇ ಸ್ಟ್ರಿಂಗ್‌ಬೂಲ್ ಬಂದಿದೆ, ಅದನ್ನು ಬಳಸಿ. ಖಾಲಿ ಸ್ಟ್ರಿಂಗ್ ಕೊಟ್ಟರೆ 'ಕೊಅರ್ಸ್ ನಂಬರ್' ಅದನ್ನು 0 ಮಾಡಿಕೊಳ್ಳುತ್ತದೆ. ಹಾಗಾಗಿ ಪುಟ ಕನಿಷ್ಠ 1 ಇರಬೇಕೆಂಬ ನಿಯಮವನ್ನೂ ಸೇರಿಸಬೇಕು.

ಪೈಥಾನ್‌ನ ಫಾಸ್ಟ್‌ಎಪಿಐ ಫ್ರೇಮ್‌ವರ್ಕ್ ನನಗೆ ಇಷ್ಟವಾಗುವುದು ಇಲ್ಲೇ. ಟೈಪ್ ಹಿಂಟ್ ಬರೆದರೆ ಸಾಕು, ರಿಕ್ವೆಸ್ಟ್ ಬಂದಾಗಲೇ ಪೈಡಾಂಟಿಕ್ ಎಂಬ ಲೈಬ್ರರಿ ಪರೀಕ್ಷಿಸುತ್ತದೆ. ತಪ್ಪಿದ್ದರೆ 422 (ಕಳಿಸಿದ ಡೇಟಾ ಸರಿಯಿಲ್ಲ) ಜೊತೆಗೆ ಯಾವ ಫೀಲ್ಡ್ ಎಂದೂ ಹೇಳುತ್ತದೆ. ಯಾವ ಭಾಷೆಯಲ್ಲಿ ಬರೆದರೂ ಆ ಫೀಲ್ಡಿನ ಹೆಸರು ಹೇಳಿ. ಆಚೆ ಕೂತು ನಮ್ಮ ಎಪಿಐ ಕರೆಯುವವರಿಗೆ ನಮ್ಮ ಕೋಡ್ ಕಾಣುವುದಿಲ್ಲ.

ನಂಬರ್ ಎಂದಷ್ಟೇ ಬರೆದ ಸ್ಕೀಮಾಗೆ ಸಿಗದ ತಪ್ಪೂ ಒಂದಿದೆ. ಜೇಸನ್‌ನಲ್ಲಿ 9007199254740993 ಎಂಬ ಐಡಿ ಕಳಿಸಿ. ಅಷ್ಟು ದೊಡ್ಡ ಸಂಖ್ಯೆಯನ್ನು ನಿಖರವಾಗಿ ಹಿಡಿಯಲಾಗದೆ ಜಾವಾಸ್ಕ್ರಿಪ್ಟ್ ಅದನ್ನು 9007199254740992 ಎಂದು ಓದುತ್ತದೆ. ಟೈಪ್ ಸರಿ, ಆದರೆ ಐಡಿ ಬೇರೆ ಯಾರದ್ದೋ. ದೊಡ್ಡ ಐಡಿಗಳನ್ನು ಎರಡೂ ಕಡೆ ಸ್ಟ್ರಿಂಗ್ ಆಗಿಯೇ ಇಡಿ.