ಕೆಂಪು ಟೋಪಿಯವರ ತಪಾಸಣೆ

ಮಂಡ್ಯದ ನಮ್ಮ ಮಾವ 1971ರ ಯುದ್ಧದಲ್ಲಿ ಮಿಲಿಟರಿ ಪೊಲೀಸ್. ಪಠಾಣ್‌ಕೋಟ್ ಕಡೆ ರಾತ್ರಿ ಪಾಳಿ. ಡಿಸೆಂಬರ್ ಚಳಿ, ತಲೆಗೆ ಕೆಂಪು ಟೋಪಿ, ದೀಪವಾರಿಸಿ ಸಾಗುವ ಲಾರಿಗಳಿಗೆ ದಾರಿ ತೋರಿಸುವ ಕೆಲಸ. ಸೈನಿಕರ ಶಿಸ್ತು ಕಾಯಬೇಕಾದ ಈ ಪುಣ್ಯಾತ್ಮರು ಅಡುಗೆ ಲಾರಿ ಬಂದರೆ ಸಾಕು, ‘ಹೆಡ್‌ಲೈಟಿಗೆ ಬಳಿದ ಕಪ್ಪು ಸರಿಯಿಲ್ಲ’ ಎಂದು ತಡೆದು, ಲೋಟ ತುಂಬ ಚಹಾ ಕೊಟ್ಟ ಮೇಲೆಯೇ ಬಿಡುತ್ತಿದ್ದರಂತೆ. (ಅದು ಲಂಚವಲ್ಲವಂತೆ, ತಪಾಸಣೆಯಂತೆ!) ಒಂದು ರಾತ್ರಿ ಅಡುಗೆಯವನು ಕೇಳುವ ಮೊದಲೇ ನಗುನಗುತ್ತಾ ಸುರಿದುಕೊಟ್ಟ. ಚಹಾದ ತುಂಬ ಬರೀ ಖಾರದ ಪುಡಿ. ಕೆಮ್ಮುವಂತೆಯೂ ಇಲ್ಲ, ಸುಬೇದಾರರು ಪಕ್ಕದಲ್ಲೇ ನಿಂತಿದ್ದರು. ಯುದ್ಧದ ಇತಿಹಾಸ ಬರೆಯುವವರು ಇಂಥವನ್ನೆಲ್ಲ ಏಕೆ ಬಿಡುತ್ತಾರೋ! ಅತ್ತೆ ಮಾತ್ರ ಒಳಗಿನಿಂದಲೇ, ‘ಮೊದಲು ಲಾರಿ ತಡೆದವರು ಯಾರು, ಅದನ್ನೂ ಹೇಳಿ’ ಎಂದರು.