ನಾಲ್ಕನೇ ಬ್ಯಾಚ್: ಎಲ್ಲಾ ಕರಗಿತು, 4011 ಕರಗಲಿಲ್ಲ

ನಾಲ್ಕು ತಿಂಗಳ ಗೊಬ್ಬರದ ರಾಶಿ, ಮನೆಯ ಹಸಿ ಕಸದ್ದು. ಐದು ಸಲ ಮಗುಚಿದ್ದೆ, ಒಮ್ಮೆ ಥರ್ಮಾಮೀಟರ್ 62 ಡಿಗ್ರಿ ತೋರಿಸಿತ್ತು. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ. ಖುಷಿಯಿಂದ ಒಂದು ಹಿಡಿ ಎತ್ತಿಕೊಂಡರೆ ಬೆರಳ ಸಂದಿಯಲ್ಲಿ ಏನೋ ಮಿಂಚಿತು. ಅಂಗೈಯಲ್ಲಿ ಉಜ್ಜಿ ನೋಡಿದೆ. 4011, ಅಂಗಡಿ ಬಾಳೆಹಣ್ಣಿನ ಮೇಲೆ ಅಂಟಿಸಿರೋ ನಂಬರಿನ ಸ್ಟಿಕ್ಕರ್. ಹಣ್ಣು ನಾನು ತಿಂದೆ, ಸಿಪ್ಪೆಯನ್ನು ಹುಳ ತಿಂದವು, ತೊಟ್ಟು ಕೂಡ ಮಣ್ಣಾಯಿತು. ನಂಬರ್ ಮಾತ್ರ ನೆನ್ನೆ ಅಂಟಿಸಿದ ಹಾಗಿದೆ!

ಒಂದು ಬಕೆಟ್ ಗೊಬ್ಬರವನ್ನು ತಟ್ಟೆಗೆ ಸುರಿದು ಎಣಿಸಿದರೆ 47 ಚೂರು ಪ್ಲಾಸ್ಟಿಕ್ ಸಿಕ್ಕಿತು. ಸರಿ, ಜರಡಿ ಇದೆಯಲ್ಲ ಅಂತ 8 ಮಿ.ಮೀ. ಕಣ್ಣಿನದು ಬಿಟ್ಟು 5ರದ್ದಕ್ಕೆ ಇಳಿದೆ. ಚೂರುಗಳು ಮಡಚಿಕೊಂಡು ಆರಾಮಾಗಿ ಕೆಳಗಿಳಿದವು, ಒಳ್ಳೇ ಗೊಬ್ಬರದ ಉಂಡೆಗಳು ಮೇಲೆ ನಿಂತವು. ಆಮೇಲೆ ನೀರು. ಪಾಲಿಥೀನ್ ನೀರಿಗಿಂತ ಹಗುರ, ತೇಲಬೇಕು ಅಲ್ವಾ? ತೇಲಿದ್ದು ಕಡ್ಡಿ. ಪ್ಲಾಸ್ಟಿಕ್ ಮೈತುಂಬ ಕೆಸರು ಮೆತ್ತಿಕೊಂಡು ತಳ ಸೇರಿತು. ಕೊನೆಗೆ ಎರಡು ದಿನ ಒಣಗಿಸಿ ಫ್ಯಾನ್ ಮುಂದೆ ತೂರಿದೆ. ಚೂರುಗಳೇನೋ ಹಾರಿದವು, ಆದರೆ ಪಕ್ಕದಲ್ಲಿ ಸೋಸಿ ಇಟ್ಟಿದ್ದ ಮೂರನೇ ಬ್ಯಾಚಿನ ಮೇಲೇ ಹೋಗಿ ಕೂತವು.

ಅವತ್ತು ರಾತ್ರಿ ಸಿಟ್ಟಲ್ಲಿ ಚೂರುಗಳನ್ನು ತೊಳೆದು ಮೇಜಿನ ಮೇಲೆ ಹರಡಿದೆ. ಸುಮ್ನೆ ಜೋಡಿಸ್ತಾ ಕೂತೆ. ನಾಲ್ಕು ಹಸಿರು ಚೂರು ಸೇರಿದಾಗ ಅರ್ಧ ಎಲೆಯ ಚಿತ್ರ ಮೂಡಿತು. ಕಸದ ಬುಟ್ಟಿಗೆ ಹಾಕುವ 'ಗೊಬ್ಬರವಾಗುವ' ಚೀಲ! ಪೊಟ್ಟಣ ಹುಡುಕಿ ತೆಗೆದರೆ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಇಎನ್ 13432 ಅಂತ ಇದೆ. ಅದು ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ ಗೊಬ್ಬರವಾಗುವ ಪೊಟ್ಟಣ, ಚೀಲಗಳಿಗೆ ಇರುವ ಯುರೋಪಿನ ಮಾನದಂಡ. ಅಲ್ಲಿ ವಾರಗಟ್ಟಲೆ ಬಿಸಿ ನಿಲ್ಲುತ್ತದೆ, ನನ್ನ ರಾಶಿ 60 ದಾಟಿದ್ದು ಮೂರೇ ದಿನ. ಮಾರಿದವರನ್ನು ಕೇಳಿದರೆ, "ಮಣ್ಣಲ್ಲಿ ಹಾಕಿ ಮರೆತುಬಿಡಿ ಸಾರ್" ಅಂದರು. ಮರೆಯೋಕೆ ಚೀಲ ಬಿಡಬೇಕಲ್ಲ.

ಆದರೆ ಪೂರ್ತಿ ಬೈಗುಳ ಅವರಿಗೆ ಸಲ್ಲಲ್ಲ. ಚೂರುಗಳ ಅಂಚು ಹರಿದ ಹಾಗಿರಲಿಲ್ಲ, ನೇರವಾಗಿ ಕತ್ತರಿಸಿದ ಹಾಗಿತ್ತು. ಬೇಗ ಕೊಳೆಯಲಿ ಅಂತ ಬುಟ್ಟಿಯಲ್ಲಿದ್ದದ್ದನ್ನು ಚೀಲ ಸಮೇತ ಕತ್ತರಿಸುವ ಯಂತ್ರಕ್ಕೆ ಹಾಕ್ತಿದ್ದವನು ಯಾರು? ನಾನೇ. ಇಡೀ ಚೀಲವಾಗಿದ್ದರೆ ಒಂದೇ ಸಲ ಎತ್ತಿ ಬಿಸಾಡಬಹುದಿತ್ತು. ಅದನ್ನು ನೂರು ಚೂರು ಮಾಡಿ, ಆಮೇಲೆ ಜರಡಿ ಹಿಡಿದು ಹುಡುಕ್ತಿದ್ದೆ.

ಈಗ ಯಂತ್ರಕ್ಕೆ ಮೊದಲು ತಟ್ಟೆ. ಬುಟ್ಟಿ ಸುರಿಯೋದು, ಕೈಯಲ್ಲಿ ಹರಡೋದು, ಅರ್ಧ ನಿಮಿಷ ನೋಡೋದು. ಚೀಲದ ಬದಲು ತಳಕ್ಕೆ ಸಾದಾ ಕಾಗದ (ಅಂಗಡಿ ರಸೀದಿ ಬೇಡ, ಆ ಕಾಗದಕ್ಕೆ ರಾಸಾಯನಿಕ ಬಳಿದಿರ್ತಾರೆ). ಸ್ಟಿಕ್ಕರ್ ಅಂತೂ ಹಣ್ಣು ಮನೆಗೆ ಬಂದ ತಕ್ಷಣ ಕಿತ್ತು ಬುಟ್ಟಿ ಮುಚ್ಚಳದ ಮೇಲೆ ಅಂಟಿಸ್ತೀವಿ. ಮುಚ್ಚಳ ಈಗ ಪ್ರವಾಸಿಯ ಸೂಟ್‌ಕೇಸ್ ತರ ಕಾಣ್ತಿದೆ. ಟೀ ಬ್ಯಾಗ್ ಹರಿದು ಪುಡಿಯಷ್ಟೇ ಒಳಗೆ, ಯಾಕಂದ್ರೆ ಎಷ್ಟೋ ಬ್ಯಾಗ್‌ಗಳ ಅಂಚನ್ನು ಅಂಟಿಸೋದೇ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್‌ನಿಂದ. ಈ ವಾರ ತಟ್ಟೆಯಲ್ಲಿ ಸಿಕ್ಕಿದ್ದು ಒಂದು ರಬ್ಬರ್ ಬ್ಯಾಂಡ್, ಒಂದು ಚಮಚ. ಚಮಚ ಎರಡು ತಿಂಗಳಿಂದ ಕಾಣೆಯಾಗಿತ್ತು ಅಂತ ಮನೆಯಲ್ಲಿ ಈಗ ಹೇಳ್ತಿದ್ದಾರೆ.

ಸೈಕಲ್ ರಿಮ್ ಎರಡು ತಂದಿಟ್ಟಿದ್ದೀನಿ, ತಿರುಗುವ ಡ್ರಮ್ ಜರಡಿ ಮಾಡೋಕೆ. ಈಗ ಅದರ ಅಗತ್ಯ ಅಷ್ಟಿಲ್ಲ. ಆದರೂ ಮಾಡೇ ಮಾಡ್ತೀನಿ, ತಿರುಗೋದು ನೋಡಬೇಕು.

ಅದಕ್ಕೂ ಮುಂಚೆ ಇನ್ನೊಂದು ತಲೆನೋವು. ರಾಶಿಗೆ ಹಾಕಿದ ಒಣಹುಲ್ಲು ಬೇರೆಯವರ ಹೊಲದ್ದು. ಅದರಲ್ಲಿ ಕ್ಲೋಪಿರಾಲಿಡ್ ತರದ ಕಳೆನಾಶಕ ಇದ್ದರೆ, ಹುಲ್ಲು ಕೊಳೆತರೂ ಅದು ಗೊಬ್ಬರದಲ್ಲಿ ಉಳಿದು ಗಿಡ ಕೆಡಿಸಬಹುದು, ಅದಕ್ಕೆ ತಟ್ಟೆಯೂ ಇಲ್ಲ, ಜರಡಿಯೂ ಇಲ್ಲ. ಪರೀಕ್ಷೆಗೆ ಅಂತ ಹುರುಳಿಕಾಯಿ ಬೀಜ ಹಾಕಿದ್ದೀನಿ, ಮೂರು ಕುಂಡ ಗೊಬ್ಬರ ಬೆರೆಸಿದ್ದು, ಮೂರು ಬರೀ ಮಣ್ಣು. ಎಳೆ ಎಲೆ ದೊನ್ನೆಯ ಹಾಗೆ ಸುರುಟಿದರೆ ಈ ಬ್ಯಾಚ್ ತರಕಾರಿ ಮಡಿಗೆ ಹೋಗೋ ಹಾಗಿಲ್ಲ. ಇವತ್ತು ಬೆಳಗ್ಗೆ ಐದು ಕುಂಡಗಳಲ್ಲಿ ಮೊಳಕೆ ಕಂಡಿತು. ಆರನೆಯದನ್ನು ಯಾವುದೋ ಹಕ್ಕಿ ಕಿತ್ತುಕೊಂಡು ಹೋಗಿದೆ.