ಎರಡು ಫೂಟಿನ ಗ್ವಾಡಿ

ಹೋದ ತಿಂಗಳು ಆಳಂದ ತಾಲೂಕಿನ ನಮ್ಮೂರಾಗ ಹಳೀ ಮನಿಗೆ ಒಂದು ಕಿಡಕಿ ಕೂಡಸೋಣು ಅಂತ ಗೌಂಡಿನ್ನ ಕರಸಿದ್ವಿ. ಅವ ಹಾರಿ ಹಾಕಿ ನಾಕು ಕಲ್ಲು ಕಿತ್ತಿದ್ದೇ ತಡ, ಒಳಗಿಂದ ಮಣ್ಣು ಚೂರುಗಲ್ಲು ಎಲ್ಲಾ ಬಳಬಳ ಸುರೀತು, ಜೋಡಿಗೆ ಒಂದು ಚೇಳು. ಅಪ್ಪ ಇಷ್ಟು ವರ್ಷ ಮೀಸಿ ಮ್ಯಾಲ ಕೈ ಇಟ್ಟು ಹೇಳ್ತಿದ್ರು, ಎರಡು ಫೂಟಿನ ಗ್ವಾಡಿ ಅದ, ಆನಿ ಬಂದು ಗುದ್ದಿದ್ರೂ ಅಳ್ಳಾಡಂಗಿಲ್ಲ ಅಂತ. ನೋಡಿದ್ರ ಅದು ಒಂದು ಗ್ವಾಡಿನೇ ಅಲ್ರಿ! ಹೊರಗ ಒಂದು ಸಾಲು ಕಲ್ಲು, ಒಳಗ ಒಂದು ಸಾಲು, ನಡುವ ಬರೇ ಮಣ್ಣಿನ ಭರ್ತಿ, ಎರಡನ್ನೂ ಹಿಡಕೊಳ್ಳೋ ಒಂದು ಉದ್ದನ ಕಲ್ಲೂ ಇಲ್ಲ.

ನಾ ಸುಮ್ನ ನಿಂತ್ಬಿಟ್ಟೆ, ಯಾಕಂದ್ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ನೆನಪಾತು. 1993, ಸೆಪ್ಟೆಂಬರ್ 30, ನಸುಕಿನ ನಾಕು ಹೊಡಿಯೋಕ ನಾಕು ನಿಮಿಷ ಕಮ್ಮಿ. ಹಿಂದಿನ ದಿನ ಗಣಪತಿ ಕಳಿಸಿ ಬಂದು ಮಂದಿ ದಣದು ಮಲಗಿದ್ರು. ನಾ ಆಗ ಎರಡನೇತ್ತೆ, ನಮ್ಮ ಮನ್ಯಾಗ ಮಾಡದಾಗಿನ ಭಾಂಡಿ ಗಲಗಲ ಅಂದದ್ದು, ಅವ್ವ ನನ್ನ ರಟ್ಟಿ ಹಿಡದು ಅಂಗಳಕ್ಕ ಎಳದದ್ದು ಅಷ್ಟೇ ನೆನಪದ. ಉಮರ್ಗಾ ದಾಟಿದ್ರ ಕಿಲ್ಲಾರಿ, ಭಾಳ ದೂರೇನಿಲ್ಲ. ತೀವ್ರತೆ 6.2, ಸತ್ತವರು ಹತ್ತು ಸಾವಿರದ ಹತ್ರ. ಅಲ್ಲಿ ಮನಿಗೋಳು ಹೆಂಗಿದ್ವು ಅಂದ್ರ ನಮ್ಮ ಮನಿಹಂಗೇ, ದಪ್ಪ ಕಲ್ಲಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ. ಮತ್ತ ಆ ಪ್ರದೇಶ ಆಗಿನ ನಕ್ಷಾದಾಗ ಎಲ್ಲಾಕ್ಕಿಂತ ಕಮ್ಮಿ ಅಪಾಯದ ವಲಯದಾಗಿತ್ತು. ಅದಕ್ಕ ನಮ್ಮ ಕಡಿ ಭೂಕಂಪ ಆಗಂಗಿಲ್ಲ ಅನ್ನೋರ ಮಾತು ನಾ ಕಿವಿಗೇ ಹಾಕ್ಕೋಳಂಗಿಲ್ಲ.

2021ರ ಅಕ್ಟೋಬರ್‌ದಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಾಗ 4.1 ಆದಾಗ ಮಂದಿ ಮನಿ ಬಿಟ್ಟು ಹೊರಗ ಮಲಗಿದ್ರು, ಕೆಲವರು ಊರೇ ಬಿಟ್ರು. 4 ಮತ್ತ 6 ಅಂದ್ರ ಎರಡಷ್ಟೇ ಫರಕ್ ಅನಸ್ತದ, ಖರೇ ಹೇಳಬೇಕಂದ್ರ 6.2ರಾಗ ಹೊರಗ ಬರೋ ಶಕ್ತಿ 4.1ಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು.

ಗ್ವಾಡಿ ಬಿಡ್ರಿ, ಮಾಳಗಿ ಕಥಿ ಇನ್ನೂ ಮಜಾ. ಪ್ರತಿ ವರ್ಷ ಮಳಿಗಾಲಕ್ಕ ಮುಂಚೆ ಸೋರ್ತದ ಅಂತ ಒಂದು ಪದರ ಹೊಸ ಮಣ್ಣು ಹಾಕ್ತೀವಲ್ಲ, ಹಳೇದು ಯಾರೂ ತಗಿಯಂಗಿಲ್ಲ. ಅಜ್ಜನ ಕಾಲದಿಂದ ಹಂಗೇ ಏರ್ಕೋತ ಬಂದು ಈಗ ಒಂದು ಫೂಟ್ ದಾಟೇದ. ನಾ ಲೆಕ್ಕಾ ಹಾಕಿದೆ, ಹತ್ತು ಬೈ ಹನ್ನೆರಡರ ಖೋಲಿ ಮ್ಯಾಲ ಒಂದು ಫೂಟ್ ಮಣ್ಣು ಅಂದ್ರ ಐದು ಟನ್ ಮ್ಯಾಲೇ. ಅದರ ಕೆಳಗ ನಾವು ಚಾದರ ಹೊಚ್ಚಿ ಮಲಗ್ತೀವಿ.

ಅಪ್ಪ ಅಂದ್ರು, ಹಂಗಾದ್ರ ಮಾಳಗಿ ಕೆಡವಿ ಸ್ಲ್ಯಾಬ್ ಹಾಕೋಣು. ಬಾಜೂ ಮನ್ಯಾಗ ಇದೇ ಹಳೀ ಗ್ವಾಡಿ ಮ್ಯಾಲೇ ಸ್ಲ್ಯಾಬ್ ಕೂಡಸ್ಯಾರ, ನೋಡಿದ್ರ ನನಗ ಎದಿ ಝಲ್ ಅಂತದ. ನೆಲ ಅಳ್ಳಾಡಿ ಕೆಳಗ ಗ್ವಾಡಿಯ ಎರಡು ಸಾಲು ಬಿಚ್ಚಿಕೊಂಡ್ರ ಸ್ಲ್ಯಾಬ್ ಎಲ್ಲಿ ನಿಲ್ತದ, ಹಾಳಿಹಂಗ ನೆಟ್ಟಗ ಕೆಳಗ ಕೂಡ್ತದ. ತಗಡಿನ ಪತ್ರಾ ಹಾಕೋಣು ಅಂದ್ರ ಕಲಬುರಗಿ ಬ್ಯಾಸಗಿ ಗೊತ್ತಲ್ಲ, ರೊಟ್ಟಿ ಸುಡಬಹುದು.

ಕಡೀಕ ಒಬ್ಬ ಗೆಳ್ಯಾ ಇಂಜಿನಿಯರ್ ಬಂದು ನೋಡಿ ಹೇಳಿದ್ದು ಹಿಂಗ. ಗ್ವಾಡಿಗೆ ಸುಮಾರು ಮೀಟರಿಗೊಂದು ಕಡೆ ಕಲ್ಲು ಹುಷಾರಾಗಿ ಕಿತ್ತು ಆರಪಾರ ತೂತು ಮಾಡೋದು, ಎರಡೂ ತುದಿ ಬಾಗಿಸಿದ ಒಂದು ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟ್ ತುಂಬೋದು, ಅದೇ ಹೊರಗಿನ ಸಾಲು ಒಳಗಿನ ಸಾಲು ಎರಡನ್ನೂ ಕಟ್ಟಿ ಹಿಡೀತದ. ಬಾಗಿಲು ಕಿಡಕಿ ಮ್ಯಾಲ ಮನಿ ಸುತ್ತ ಒಳಗೂ ಹೊರಗೂ ತಂತಿ ಜಾಳಗಿ ಬಡದು ಸಿಮೆಂಟ್ ಗಿಲಾವ ಮಾಡೋದು, ನಡಕ್ಕ ಪಟ್ಟಾ ಬಿಗದಂಗ, ಮೂಲಿಗೋಳಿಗೂ ಅದೇ. ಮಾಳಗಿ ಮಣ್ಣು ಆರು ಇಂಚು ಬಿಟ್ಟು ಉಳದದ್ದು ಇಳಸಿ, ಸೋರಬಾರದು ಅಂತ ದಪ್ಪ ಪ್ಲಾಸ್ಟಿಕ್ ಹಾಸೋದು. ಕಿಲ್ಲಾರ್ಯಾಗ ಲಿಂಟಲ್ ಮಟ್ಟಕ್ಕ, ಅಂದ್ರ ಬಾಗಿಲು ಕಿಡಕಿ ತಲಿ ಮ್ಯಾಲ, ಸುತ್ತ ಕಾಂಕ್ರೀಟ್ ಪಟ್ಟಿ ಇದ್ದ ಒಂದು ಕಟ್ಟಡ ಇತ್ತಂತ, ಸುತ್ತಲಿಂದೆಲ್ಲಾ ಬಿದ್ರೂ ಅದಕ್ಕ ಏನೂ ಆಗ್ಲಿಲ್ಲ ಅಂತ ಅವ ಹೇಳಿದ ಮ್ಯಾಲೇ ಅಪ್ಪ ಹೂಂ ಅಂದದ್ದು.

ಮಣ್ಣು ಇಳಸೋಕ ಮೂರು ದಿನ ಹಿಡೀತು, ಟ್ರ್ಯಾಕ್ಟರಿನವ ಎಷ್ಟು ಟ್ರಿಪ್ ಹೊಡದನೋ ಎಣಿಸಲಿಲ್ಲ. ಗೌಂಡಿಗೆ ಮೊದಲಿಗೆ ಈ ಸಳಿ ಕೆಲಸ ಹುಚ್ಚಾಟ ಅನಸಿತ್ತು, "ಕಾಕಾ, ನಿಂತ ಗ್ವಾಡಿಗ್ಯಾಕ ತೂತು ಹೊಡಸ್ತೀರಿ" ಅಂತ ಅಪ್ಪಗ ದಿನಾ ಕೇಳ್ತಿದ್ದ. ಪಡಸಾಲಿ ಮತ್ತ ಮಲಗೋ ಖೋಲಿ ಆಗ್ಯಾವ. ದನದ ಕೊಟ್ಟಿಗಿ ಕಡಿ ಗ್ವಾಡಿ ಹಂಗೇ ಉಳದದ, ರೊಕ್ಕಾ ತೀರಿತು, ತೊಗರಿ ಬಂದ ಮ್ಯಾಲ ನೋಡೋಣು. ಅಲ್ಲಿ ತನಕ ಅವ್ವ ತನ್ನ ಹೊರಸು ಆ ಗ್ವಾಡಿಯಿಂದ ಈ ಕಡಿ ಸರಸ್ಯಾಳ. ನಿನ್ನೆ ಗೌಂಡಿ ಫೋನ್ ಮಾಡಿದ್ದ, ಉಳದ ನಾಕು ಸಳಿ ಕೊಡ್ತೀರೇನು ಅಂತ, ಅವನ ಮನಿ ಗ್ವಾಡಿನೂ ಎರಡು ಫೂಟಿಂದಂತ.